ಹಾಳು ಬಿದ್ದ ಗದ್ದೆಯ ವಿಷಯ

ಅಲ್ಮೇರೆ, ನೆದರ್‌ಲ್ಯಾಂಡ್ಸ್
ಭಾನುವಾರ

ಪ್ರೀತಿಯ ಅಪ್ಪಯ್ಯ, ಆಯಿಗೆ ನಮಸ್ಕಾರ.

ನಾನು ಆರಾಮ. ಆಯಿ ಕಟ್ಟಿಕೊಟ್ಟ ಅಪ್ಪೆಮಿಡಿ ಡಬ್ಬಿಯಲ್ಲಿ ಇನ್ನು ನಾಲ್ಕೇ ಮಿಡಿ ಉಳಿದಿವೆ. ಲೆಕ್ಕ ಹಾಕಿ ತಿನ್ನುತ್ತಿದ್ದೇನೆ.

ಹೋದ ವಾರ ತಮ್ಮ ಫೋನು ಮಾಡಿದ್ದ. ಹಳ್ಳದ ಬದಿಯ ಗದ್ದೆ ಹಾಳು ಬಿದ್ದಿದೆ, ಜೆಸಿಬಿ ತರಿಸಿ ಅಡಿಕೆ ಹಾಕೋಣ ಅಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ. ಅದಕ್ಕೇ ಈ ಪತ್ರ.

'ಹಾಳು ಬಿದ್ದಿದೆ' ಅನ್ನುವ ಮಾತೇ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿಯವರು ದುಡ್ಡು ಖರ್ಚು ಮಾಡಿ ಜಮೀನನ್ನು ಹಾಳು ಬೀಳಿಸುತ್ತಾರೆ, ಗೊತ್ತಾ? ಅದಕ್ಕೆ ರಿವೈಲ್ಡಿಂಗ್ ಅಂತ ಹೆಸರು. ಉಳುವುದು ಬಿತ್ತುವುದು ನಿಲ್ಲಿಸಿ, ನೆಲವನ್ನು ಅದರ ಪಾಡಿಗೆ ಕಾಡಾಗಲು ಬಿಡುವುದು. ನನ್ನ ರೈಲು ದಿನಾ ಅಂಥದೊಂದು ಜಾಗದ ಪಕ್ಕದಲ್ಲೇ ಹೋಗುತ್ತದೆ. ಓಸ್ಟ್‌ವಾರ್ಡರ್ಸ್‌ಪ್ಲಾಸೆನ್. ಆಯಿ, ನೀನು ಹೇಳಲು ಹೋಗಬೇಡ, ನಾಲಿಗೆ ಉಳುಕುತ್ತದೆ. 1968ರಲ್ಲಿ ನೀರು ಬಸಿದು ಮಾಡಿದ ನೆಲ ಅದು, ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಕಾರ್ಖಾನೆ ಬರಬೇಕಿತ್ತು, ಬರಲಿಲ್ಲ. ಜೊಂಡು ಬೆಳೆಯಿತು, ಹೆಬ್ಬಾತುಗಳು ಬಂದವು. 1983ರಲ್ಲಿ ದನ ತಂದು ಬಿಟ್ಟರು, ಆಮೇಲೆ ಕುದುರೆ, ಜಿಂಕೆ. 2006ರಲ್ಲಿ ಬಿಳಿ ಬಾಲದ ದೊಡ್ಡ ಹದ್ದು ಬಂದು ಗೂಡು ಕಟ್ಟಿತು.

ಆದರೆ ಸುತ್ತ ಬೇಲಿ. ಆಗ ಒಳಗೆ ತೋಳ ಇರಲಿಲ್ಲ, ಮನುಷ್ಯ ಕೈ ಹಾಕುವ ಹಾಗೂ ಇರಲಿಲ್ಲ. ದನ ಕುದುರೆ ಹೆಚ್ಚಿದವು, ಹುಲ್ಲು ಹೆಚ್ಚಲಿಲ್ಲ. 2017-18ರ ಚಳಿಗಾಲದಲ್ಲಿ 3,000ಕ್ಕೂ ಜಾಸ್ತಿ ಪ್ರಾಣಿಗಳು ಸತ್ತವು. ಹೆಚ್ಚಿನವನ್ನು, ಹಸಿದು ನರಳಿ ಸಾಯುವುದು ಬೇಡ ಅಂತ, ಅಲ್ಲಿಯ ಸಿಬ್ಬಂದಿಯೇ ಗುಂಡು ಹೊಡೆದು ಕೊಂದರು. ತಡೆಯಲಾರದ ಜನ ಬೇಲಿ ಮೇಲಿಂದ ಒಣಹುಲ್ಲು ಎಸೆದರಂತೆ. ಅಪ್ಪಯ್ಯ, ನೀನಾಗಿದ್ದರೆ ಹುಲ್ಲು ಹೊರೆ ಹೊತ್ತು ಬೇಲಿಯನ್ನೇ ಹಾರುತ್ತಿದ್ದೆ.

ಅದೇ 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿಯ ಸಾಲ್ಕಣಿ ಕಡೆಯವರು ಕಾಡು ಕಡಿಯುವುದನ್ನು ತಡೆಯಲು ಮರ ತಬ್ಬಿ ನಿಂತಿದ್ದು. ಉಳಿಸು, ಬೆಳೆಸು, ಬಳಸು ಅಂದರು ಆ ಅಪ್ಪಿಕೋ ಚಳವಳಿಯವರು. ಇಲ್ಲಿಯವರಿಗೆ ಮೂರನೇ ಶಬ್ದ ಕಂಡರೆ ಭಯ. ನಮ್ಮಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರುವ ಕಾಡು. ಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಗೆ, ಗೊಬ್ಬರ ತೋಟಕ್ಕೆ. ಕಾಡಿಗೆ ನಾವು ನೆಂಟರಲ್ಲ, ಮನೆಯವರೇ. ಹಾಗಂತ ನಾವೇನು ಋಷಿಗಳಲ್ಲ ಬಿಡಿ. ಸೊಪ್ಪು ಕಡಿಸಿಕೊಂಡೂ ಕಡಿಸಿಕೊಂಡೂ ಕಂಬದ ಹಾಗೆ ನಿಂತ ಮರ ನಮ್ಮ ಬೆಟ್ಟದಲ್ಲೂ ಇವೆ.

ಹೋದ ಮಳೆಗಾಲದಲ್ಲಿ ಬಂದಾಗ ಆ ಗದ್ದೆಗೆ ಇಳಿದಿದ್ದೆ, ನಿಮಗೆ ಹೇಳಿರಲಿಲ್ಲ. ಹಾಳಿ ತುಂಬ, ಬದುವಿನ ಉದ್ದಕ್ಕೂ, ಕೇದಗೆಯಂಥ ಮುಂಡಿಗೆ ಎದ್ದಿದೆ. ನೀರು ಒಸರುವಲ್ಲಿ ಹುಂಡುಕೋಳಿಯೊಂದು, ಅದೇ ಜೌಗಿನ ಹಕ್ಕಿ, ನಾಲ್ಕು ಕಪ್ಪು ಮರಿ ಕಟ್ಟಿಕೊಂಡು ಓಡಿತು. ಕೊನೆಯದು ಆಕಳ ಗೊರಸಿನ ಗುಂಡಿಗೆ ಬಿತ್ತು. ಎರಡು ಸಲ ಜಾರಿತು. ಮೂರನೇ ಸಲ ಎದ್ದು, ಕೆಸರು ಸಮೇತ ಜೊಂಡಿನೊಳಗೆ ನುಗ್ಗಿತು. ನಾನು ಅರ್ಧ ಗಂಟೆ ಅಲ್ಲೇ ಕೂತಿದ್ದೆ, ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದೂ ಗೊತ್ತಾಗಲಿಲ್ಲ. ಅಡಿಕೆ ಹಾಕಬೇಕೆಂದರೆ ಮೊದಲು ಕಾಲುವೆ ತೋಡಿ ಆ ನೀರು ಬಸಿಯಬೇಕು, ಅಲ್ವಾ?

ಅದನ್ನು ಐದು ವರ್ಷ ಹಾಗೇ ಬಿಡೋಣ. ಬೇಲಿ ಮಾತ್ರ ಬೇಡ. ಆಕಳು ಮೇಯಲಿ, ಆಯಿ ತಂಬುಳಿಗೆ ಒಂದೆಲಗ ಕೊಯ್ಯಲಿ. ಯುಪಟೋರಿಯಂ, ಅಕೇಶಿಯಾ ಸಸಿ ಕಂಡರೆ ಕಿತ್ತು ಹಾಕಿ. ಸುಮ್ನೆ ಬಿಟ್ಟರೆ ಅವೇ ಎಲ್ಲ ನುಂಗುತ್ತವೆ.

ಮಂಗ, ಹಂದಿ ಕಾಯುವವನು ತಮ್ಮ, ಪತ್ರ ಬರೆಯುವವನು ನಾನು. ಅವನಿಗೆ ಸಿಟ್ಟು ಬಂದರೆ ತಪ್ಪೇನಿಲ್ಲ. ಅಡಿಕೆಯಿಂದ ಬರಬಹುದಾಗಿದ್ದ ದುಡ್ಡಿನ ಲೆಕ್ಕ ನಾನು ಅವನ ಹತ್ತಿರವೇ ಮಾತಾಡುತ್ತೇನೆ. ಅಲ್ಲಿಯವರೆಗೆ ಜೆಸಿಬಿಯವನಿಗೆ ಮುಂಗಡ ಕೊಡಬೇಡಿ.

ಆಯಿ, ಈ ಸಲ ಮಿಡಿ ಉಪ್ಪಿಗೆ ಹಾಕುವಾಗ ನನ್ನ ಪಾಲು ತೆಗೆದಿಡು. ಹೊಳೆ ದಂಡೆಯ ಮರದ್ದೇ ಬೇಕು, ಆ ಜೀರಿಗೆ ವಾಸನೆಯದ್ದು.

ನಿಮ್ಮ
ಮಾಣಿ