‘ಮುಂತಾದವರು’ ಎಂಬ ಮೂಟೆಯೊಳಗೆ ಚಾಮಯ್ಯ ಮೇಷ್ಟ್ರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಅಂದು ಟಿ.ವಿ.ಯಲ್ಲಿ ಬರಲಿದ್ದ ಸಿನಿಮಾಗಳ ಪಟ್ಟಿ ನೋಡುತ್ತಿದ್ದೆ. ‘ನಾಗರಹಾವು’ ಇತ್ತು. ಅದರ ಕೆಳಗೆ ‘ತಾರಾಗಣ: ವಿಷ್ಣುವರ್ಧನ್, ಆರತಿ, ಶುಭಾ, ಅಂಬರೀಷ್ ಮುಂತಾದವರು’ ಎಂದು ಅಚ್ಚಾಗಿತ್ತು. ಅಂಬರೀಷ್ ಮುಂದೆ ದೊಡ್ಡ ನಟರಾದರು, ಅದು ಅವರ ಮೊದಲ ಚಿತ್ರವೂ ಹೌದು. ಹೆಸರು ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಚಿತ್ರದಲ್ಲಿ ಅವರ ಪಾತ್ರವಾದ ಜಲೀಲ ಬಂದುಹೋಗುವುದು ಕೆಲವೇ ದೃಶ್ಯಗಳಲ್ಲಿ. ಚಾಮಯ್ಯ ಮೇಷ್ಟ್ರಾಗಿ ಕೊನೆಯ ದೃಶ್ಯದ ಬಂಡೆಯವರೆಗೂ ಕಥೆಯನ್ನು ಹೆಗಲ ಮೇಲೆ ಹೊತ್ತು ನಡೆದ ಕೆ.ಎಸ್. ಅಶ್ವಥ್ ಮಾತ್ರ ‘ಮುಂತಾದವರು’ ಎಂಬ ಮೂಟೆಯೊಳಗೆ ಸೇರಿಹೋಗಿದ್ದರು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಮೇಷ್ಟ್ರ ಕೆಲಸ ಮಾಡಿದವನು. ಹಾಜರಿ ಪುಸ್ತಕ ತೆಗೆದು ಮೊದಲ ಬೆಂಚಿನ ನಾಲ್ಕು ಹುಡುಗರ ಹೆಸರು ಕೂಗಿ, ‘ಮುಂತಾದವರು’ ಎಂದು ಪುಸ್ತಕ ಮುಚ್ಚಿದ್ದರೆ ಹಿಂದಿನ ಬೆಂಚಿನವರು ಸುಮ್ಮನಿರುತ್ತಿದ್ದರೇ? ಅಶ್ವಥ್ ಅವರು ಸುಮ್ಮನಿರುತ್ತಿದ್ದರು ಎಂದು ನನ್ನ ಅನುಮಾನ. ಅವರ ಪರವಾಗಿ ನಾನು ಎದ್ದು ನಿಂತಿದ್ದೇನೆ.

ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ ಎಂಬುದು ಅವರ ಪೂರ್ತಿ ಹೆಸರು. ಹುಟ್ಟಿದ್ದು ಮೈಸೂರಿನಲ್ಲಿ, 1925ರ ಮಾರ್ಚ್ 25ರಂದು. ನೂರು ತುಂಬಿದ ನೆನಪಿಗೆ ನಮ್ಮ ಬಡಾವಣೆಯಲ್ಲಿಯೂ ಒಂದು ಸಣ್ಣ ಕಾರ್ಯಕ್ರಮ ನಡೆಯಿತು. ಹೋಗಿ ನೋಡಿದರೆ ವೇದಿಕೆಯ ಹಿಂದಿನ ಫ್ಲೆಕ್ಸ್‌ನಲ್ಲಿ ಹಾರ್ಮೋನಿಯಂ ಮುಂದೆ ಕುಳಿತ ಗಾಯಕ ಸಿ. ಅಶ್ವಥ್ ನಗುತ್ತಿದ್ದಾರೆ! ನಾನು ಹೋಗಿ ಹೇಳಿದಾಗ ಸಂಘಟಕ ಹುಡುಗ, ‘ಸಾರ್, ಇಂಟರ್‌ನೆಟ್ಟಿನಲ್ಲಿ ಅಶ್ವಥ್ ಎಂದು ಹುಡುಕಿದರೆ ಇವರೇ ಮೊದಲು ಬಂದರು’ ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. ಕೊನೆಗೆ ಯಾರದೋ ಮೊಬೈಲ್‌ನಲ್ಲಿದ್ದ ಚಾಮಯ್ಯ ಮೇಷ್ಟ್ರ ಚಿತ್ರವನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಫ್ಲೆಕ್ಸ್‌ನ ಒಂದು ಮೂಲೆಗೆ ಅಂಟಿಸಿದೆವು. ಇಬ್ಬರು ಅಶ್ವಥರ ಅಧ್ಯಕ್ಷತೆಯಲ್ಲಿ ಸಭೆ ಸುಸೂತ್ರವಾಗಿ ನಡೆಯಿತು.

ಅವರು ಮೊದಲು ತೆರೆಗೆ ಬಂದದ್ದು 1955ರ ‘ಸ್ತ್ರೀರತ್ನ’ದಲ್ಲಿ. ಆಗ ಮೂವತ್ತರ ಪ್ರಾಯ. ಮೈಸೂರಿನ ನಾಟಕಗಳು, ಆಕಾಶವಾಣಿಯ ನಾಟಕಗಳು ಕಂಠವನ್ನು ಹದಮಾಡಿದ್ದವು. ರೇಡಿಯೋದಲ್ಲಿ ಪಳಗಿದವರ ಗುಟ್ಟೇ ಅದು: ಮುಖ ಕಾಣಿಸದಿದ್ದರೂ ದನಿಯಲ್ಲಿ ಮುಖ ಕಾಣಿಸಬೇಕು. ಆ ಮೇಲೆ ಚಿತ್ರರಂಗ ಅವರಿಗೆ ಕೊಟ್ಟದ್ದು ಅಪ್ಪ, ಅಣ್ಣ, ಮಾವ, ಮೇಷ್ಟ್ರು, ಮನೆಯ ಹಿರಿಯ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್‌ನಲ್ಲಿ. ಲೆಕ್ಕ ಹಾಕಿದರೆ ಈ ಅಪ್ಪ ಆ ಮಗನಿಗಿಂತ ದೊಡ್ಡವರಾಗಿದ್ದು ಬರೀ ನಾಲ್ಕು ವರ್ಷ! ಅಶ್ವಥ್ ಜೊತೆಗೆ ಕನ್ನಡದ ತೆರೆಯ ಮೇಲೆ ಖಾಯಂ ಸಂಸಾರ ಹೂಡಿದ ಪಂಢರಿಬಾಯಿಯವರ ಕಥೆ ಇನ್ನೂ ಸ್ವಾರಸ್ಯದ್ದು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್ ಅವರಿಗೆ ನಾಯಕಿಯಾಗಿದ್ದವರು ಮುಂದೆ ಅವರಿಗೇ ತಾಯಿಯಾದರು. ಈ ದಂಪತಿ ಪರದೆಯ ಮೇಲೆ ಬಂದರೆ ನನ್ನ ತಾಯಿ, ‘ಇನ್ನು ಮನೆ ಮುರಿಯುವುದಿಲ್ಲ ಬಿಡು’ ಎಂದು ನೆಮ್ಮದಿಯಾಗಿ ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದರು.

ಕೂದಲಿಗೆ ಬಿಳಿ ಹಚ್ಚಿದ ಮಾತ್ರಕ್ಕೆ ಯಾರೂ ಅಪ್ಪನಾಗುವುದಿಲ್ಲ. ಅಶ್ವಥ್ ಮಾಡುತ್ತಿದ್ದ ಕೆಲಸ ಬೇರೆ. ಎದುರಿಗಿದ್ದವರು ಮಾತನಾಡುವಾಗ ಅವರು ಕೇಳಿಸಿಕೊಳ್ಳುತ್ತಿದ್ದರು. ಇದೇನು ದೊಡ್ಡ ವಿದ್ಯೆ ಎನ್ನಬೇಡಿ. ಹಳೆಯ ಚಿತ್ರವೊಂದನ್ನು ಹಾಕಿಕೊಂಡು, ನಾಯಕ ಮಾತನಾಡುವಾಗ ಪಕ್ಕದಲ್ಲಿ ನಿಂತವರನ್ನು ನೋಡಿ. ಅನೇಕರು ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಅಶ್ವಥ್ ಮಾತ್ರ ಮಗನ ಮಾತಿನ ನಡುವೆಯೇ ಸ್ವಲ್ಪ ಮುದುಕರಾಗುತ್ತಾರೆ. ರೆಪ್ಪೆ ಕೆಳಗಿಳಿಯುತ್ತದೆ, ಕುತ್ತಿಗೆ ಅರ್ಧ ಅಂಗುಲ ಬಾಗುತ್ತದೆ, ಅಷ್ಟೇ. ನಾಯಕನ ಮಾತು ದೊಡ್ಡದಾಗಿ ಕೇಳಿಸುವುದು ಅಲ್ಲಿಂದ. ಚಪ್ಪಾಳೆ ನಾಯಕನಿಗೆ ಹೋಗುತ್ತದೆ, ಹೋಗಲಿ. ಪೌರಾಣಿಕ ಚಿತ್ರಗಳಲ್ಲಿ ಇದೇ ಮನುಷ್ಯ ತಂಬೂರಿ ಹಿಡಿದು ನಾರದನಾಗಿ ಬಂದಾಗ ಆ ಚುರುಕೇ ಬೇರೆ. ಕಡ್ಡಿ ಗೀರಿ ಹಾಕಿ ಮುಗುಳ್ನಗುತ್ತಾ ಜಾರಿಕೊಳ್ಳುವ ಆಸಾಮಿ! ‘ಸೌಮ್ಯ ನಟ’ ಎಂದು ಒಂದೇ ಪದದ ಹಣೆಪಟ್ಟಿ ಅಂಟಿಸುವವರು ಆ ನಾರದನನ್ನು ನೋಡಿಲ್ಲ.

ಈಗ ‘ನಾಗರಹಾವು’ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ನಿಜವಾದ ತಕರಾರು ಇರುವುದು ಅಲ್ಲಿ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಈ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರತಿವರ್ಷ ಸೆಪ್ಟೆಂಬರ್ 5 ಬಂದರೆ ಸಾಕು, ಆದರ್ಶ ಗುರುವೆಂದು ಚಾಮಯ್ಯ ಮೇಷ್ಟ್ರ ಚಿತ್ರ ಎಲ್ಲರ ಮೊಬೈಲ್‌ಗಳಲ್ಲೂ ಓಡಾಡುತ್ತದೆ. ನನಗೆ ಆಗೆಲ್ಲ ಇರುಸುಮುರುಸು. ಚಾಮಯ್ಯ ಮೇಷ್ಟ್ರು ತಪ್ಪು ಮಾಡಿದವರಲ್ಲವೇ? ಅವರ ಶಿಷ್ಯ, ಮಾಧ್ವರ ಹುಡುಗ ರಾಮಾಚಾರಿ (ವಿಷ್ಣುವರ್ಧನ್) ಅಯ್ಯಂಗಾರರ ಹುಡುಗಿ ಅಲಮೇಲುವನ್ನು ಮೆಚ್ಚಿದಾಗ, ಆ ಪ್ರೀತಿಯನ್ನು ಬಿಟ್ಟುಕೊಡು ಎಂದು ಅವನ ಮನವೊಲಿಸಿದವರು ಇವರೇ. ಊರಿನ ಯಾರ ಮಾತಿಗೂ ಬಗ್ಗದ ಹುಡುಗ ತಮ್ಮ ಮಾತಿಗೆ ಮಾತ್ರ ಬಗ್ಗುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಆ ಸಲಿಗೆಯನ್ನೇ ಬಳಸಿಕೊಂಡರು. ಅಲಮೇಲುವಿನ ಬಾಳು ಮುಂದೆ ಏನಾಯಿತು ಎಂಬುದು ಚಿತ್ರ ನೋಡಿದವರಿಗೆಲ್ಲ ಗೊತ್ತು. ಆಮೇಲೆ ಅವನು ಮೆಚ್ಚಿದ ಕ್ರೈಸ್ತ ಹುಡುಗಿ ಮಾರ್ಗರೆಟ್ ವಿಷಯಕ್ಕೂ ಮೇಷ್ಟ್ರು ಅಡ್ಡ ನಿಂತರು.

ಇದನ್ನು ಬರೆದವರು ತ.ರಾ.ಸು., ಆಡಿಸಿದವರು ಪುಟ್ಟಣ್ಣ, ಒಪ್ಪುತ್ತೇನೆ. ಆದರೆ ಪ್ರೀತಿಯನ್ನೂ ಮಡಿವಂತಿಕೆಯನ್ನೂ ಒಂದೇ ದನಿಯಲ್ಲಿ ಹೇಳುವುದು ಹೇಗೆ? ‘ರಾಮಾಚಾರಿ’ ಎಂದು ಅಶ್ವಥ್ ಕರೆಯುವುದನ್ನು ಕಿವಿಗೊಟ್ಟು ಕೇಳಿ. ಮೊದಮೊದಲು ಆ ಕರೆಯಲ್ಲಿ ಮಕ್ಕಳಿಲ್ಲದ ಮನೆಯ ಇಡೀ ಹಸಿವಿದೆ; ಮೇಷ್ಟ್ರ ಹೆಂಡತಿ, ಲೀಲಾವತಿಯವರ ತುಂಗಮ್ಮ ಒಳಗಿನಿಂದ ಬರುವ ಮೊದಲೇ ಮನೆ ತುಂಬಿದಂತಾಗುತ್ತದೆ. ಮನವೊಲಿಸುವ ದೃಶ್ಯದಲ್ಲಿ ಅದೇ ನಾಲ್ಕು ಅಕ್ಷರ ಸ್ವಲ್ಪ ತಗ್ಗುತ್ತದೆ, ಸಾಲ ಕೇಳುವವರ ದನಿಯಂತೆ. ಬೆಟ್ಟದ ಮೇಲೆ ಶಿಷ್ಯ ಎದುರು ತಿರುಗಿ ನಿಂತಾಗ ಹಟ ಉಳಿದಿರುತ್ತದೆ, ನಂಬಿಕೆ ಹೋಗಿರುತ್ತದೆ. ತಾನು ಹೇಳಿಕೊಟ್ಟದ್ದು ಸರಿಯಿರಲಿಲ್ಲವೇನೋ ಎಂಬ ಅನುಮಾನ ಒಬ್ಬ ಮೇಷ್ಟ್ರ ಮುಖದಲ್ಲಿ ಹಾದುಹೋಗುವುದನ್ನು ನಾನು ಬೇರೆಲ್ಲೂ ಅಷ್ಟು ಸ್ಪಷ್ಟವಾಗಿ ನೋಡಿಲ್ಲ. ಕನ್ನಡಿಯಲ್ಲಿ ನೋಡಿದ್ದುಂಟು, ಆ ಮಾತು ಬೇರೆ. ಅವರನ್ನು ಆದರ್ಶದ ಚೌಕಟ್ಟಿನಲ್ಲಿ ಕೂರಿಸಿ ಹಾರ ಹಾಕಿದರೆ ಈ ಅಭಿನಯವನ್ನೇ ಗೋಡೆಗೆ ಮೊಳೆ ಹೊಡೆದಂತೆ. ಆ ಪಾತ್ರಕ್ಕೆ ಅವರಿಗೆ ಪೋಷಕ ನಟನೆಂದು ರಾಜ್ಯ ಪ್ರಶಸ್ತಿ ಬಂತು.

ಅದೇ ಕಥೆ ಬೇರೆ ಭಾಷೆಗಳಿಗೂ ಹೋಯಿತು. ತೆಲುಗಿನ ‘ಕೋಡೆ ನಾಗು’ವಿನಲ್ಲಿ ಮೇಷ್ಟ್ರಾದವರು ಗೀತರಚನಕಾರ ಆಚಾರ್ಯ ಆತ್ರೇಯ. ಹಿಂದಿಯಲ್ಲಿ ಪುಟ್ಟಣ್ಣನವರೇ 1974ರಲ್ಲಿ ‘ಜಹರೀಲಾ ಇನ್ಸಾನ್’ ಮಾಡಿದಾಗ ಆ ಪಾತ್ರ ಪ್ರಾಣ್ ಅವರ ಪಾಲಿಗೆ ಬಂತು. ಪ್ರಾಣ್ ಸಾಮಾನ್ಯರಲ್ಲ. ಆದರೆ ಪ್ರಾಣ್ ನಿಂತ ಭಂಗಿಯಲ್ಲೇ ಗೆಲ್ಲುವವನ ಗತ್ತಿದೆ. ಚಾಮಯ್ಯ ಸೋಲಬೇಕಾದವರು. ಅಶ್ವಥ್ ಅವರ ಭುಜಗಳು ಆ ಸೋಲನ್ನು ಮೊದಲ ದೃಶ್ಯದಿಂದಲೇ ಹೊತ್ತುಕೊಂಡಿದ್ದವು. ಇದು ಅಭಿಮಾನದ ಮಾತು ಎಂದರೆ ಹೌದು, ಅಭಿಮಾನದ ಮಾತೇ.

350ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ವಯಸ್ಸಾದ ಮೇಲೆ ಮೈಸೂರಿನಲ್ಲೇ ಉಳಿದರು. 2009ರ ಡಿಸೆಂಬರ್ 29ರಂದು ಗಾಯಕ ಸಿ. ಅಶ್ವಥ್ ತೀರಿಕೊಂಡಾಗ, ‘ಚಾಮಯ್ಯ ಮೇಷ್ಟ್ರು ಹೋಗಿಬಿಟ್ಟರಂತೆ’ ಎಂದು ನನಗೆ ಇಬ್ಬರು ಫೋನ್ ಮಾಡಿದರು. ಅಲ್ಲಪ್ಪ, ಅವರು ಬೇರೆ, ಇವರು ಬೇರೆ ಎಂದು ತಿದ್ದಿದೆ. ಮರುದಿನ ಬೆಳಿಗ್ಗೆ ಇದೇ ಮೈಸೂರಿನಲ್ಲಿ ವಿಷ್ಣುವರ್ಧನ್ ತೀರಿಕೊಂಡರು. 2010ರ ಜನವರಿ 18ರಂದು ಅದೇ ಸ್ನೇಹಿತರಲ್ಲಿ ಒಬ್ಬರು ಮತ್ತೆ ಫೋನ್ ಮಾಡಿ, ‘ಈ ಸಲ ನಿಜ’ ಎಂದರು. ಶಿಷ್ಯ ಹೋಗಿ ಹತ್ತೊಂಬತ್ತು ದಿನವಾಗಿತ್ತು, ಮೇಷ್ಟ್ರು ಅದೇ ಊರಿನಿಂದ ಹೊರಟಿದ್ದರು. ನಾವಿಬ್ಬರೂ ಫೋನ್ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಪತ್ರ ಉದ್ದವಾಯಿತು, ಕತ್ತರಿಸುವುದಾದರೆ ಫ್ಲೆಕ್ಸ್‌ನ ಕಥೆ ಕತ್ತರಿಸಿ, ಕೋರಿಕೆಯನ್ನು ಉಳಿಸಿ. ಪ್ರತಿಮೆ, ಪ್ರಶಸ್ತಿ, ಪ್ರತಿಷ್ಠಾನ ಏನನ್ನೂ ನಾನು ಕೇಳುತ್ತಿಲ್ಲ. ಸಿನಿಮಾ ಪಟ್ಟಿ ಸಿದ್ಧಪಡಿಸುವ ನಿಮ್ಮ ಸಹೋದ್ಯೋಗಿಗಳಿಗೆ ‘ಮುಂತಾದವರು’ ಎಂಬ ಪದವನ್ನು ಸ್ವಲ್ಪ ಕೈಬಿಗಿ ಹಿಡಿದು ಬಳಸಲು ಹೇಳಿ. ಜಾಗವಿಲ್ಲ ಎಂದು ಅವರು ಹೇಳಬಹುದು. ಅದಕ್ಕೇ ನಿಮ್ಮ ಕಾಲಂ ಅಗಲವನ್ನು ಮೊಮ್ಮಗಳ ಸ್ಕೇಲಿನಲ್ಲಿ ಅಳೆದು ನೋಡಿದ್ದೇನೆ. ‘ಕೆ.ಎಸ್. ಅಶ್ವಥ್, ಲೀಲಾವತಿ, ಶಿವರಾಂ, ಲೋಕನಾಥ್, ಎಂ.ಪಿ. ಶಂಕರ್, ಧೀರೇಂದ್ರ ಗೋಪಾಲ್’ ಎಂದು ಸೇರಿಸಿದರೆ ಎರಡು ಸಾಲು ಹೆಚ್ಚಾಗುತ್ತದೆ. ಪಕ್ಕದ ಜಾಹೀರಾತಿನ ಮೇಲೆ ಅಷ್ಟು ಖಾಲಿ ಜಾಗವಿತ್ತು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮೈಸೂರು