ಫೋಟೋ ನೋಡಿ ಸೋಫಾ ರೇಟು ಹೇಳುವುದನ್ನು ನಿಲ್ಲಿಸಿದ್ದೇವೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ವಾಟ್ಸಾಪ್ ಫೋಟೋ ನೋಡಿ ಸೋಫಾ ರಿಪೇರಿಗೆ ರೇಟು ಹೇಳುವುದಿಲ್ಲ. ಮನೆಗೇ ಬಂದು, ಸೋಫಾ ಮಗುಚಿ, ಅಡಿಯ ಕಪ್ಪು ಬಟ್ಟೆ ಬಿಚ್ಚಿ ನೋಡಿದ ಮೇಲೆಯೇ ಮಾತು. ಅದಕ್ಕೆ 300 ರೂಪಾಯಿ. ಕೆಲಸ ನಮಗೆ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ. "ಇದಕ್ಕೆ ದುಡ್ಡು ಹಾಕಬೇಡಿ, ಹೊಸದೇ ತಗೊಳ್ಳಿ" ಎಂದು ನಾವೇ ಹೇಳಿ ಎದ್ದು ಬಂದರೆ ಮಾತ್ರ ವಾಪಸಿಲ್ಲ. ಇಷ್ಟು ವರ್ಷ ಪುಕ್ಕಟೆ ನೋಡುತ್ತಿದ್ದವರು ಈಗ ಕಾಸು ಕೇಳುತ್ತಾರೆ ಎಂದು ಕೆಲವರಿಗೆ ಬೇಜಾರಾಗಿದೆ. ಗೊತ್ತು.

ಹೋದ ಮಳೆಗಾಲದಲ್ಲಿ ನಡೆದದ್ದನ್ನು ಮುಚ್ಚಿಡುವುದಿಲ್ಲ. ಇಲ್ಲೇ, ಮುಂಬೈ ಹತ್ತಿರದ ಡೊಂಬಿವಲಿಯ ಒಬ್ಬ ಅಕ್ಕನವರ ಮೂರು ಸೀಟಿನ ಸೋಫಾ, ಫೋಟೋದಲ್ಲಿ ಗಟ್ಟಿಮುಟ್ಟಾಗಿಯೇ ಇತ್ತು. ಅಂಗಡಿಗೆ ತಂದು ಬಿಚ್ಚಿದರೆ ಹಿಂದಿನ ಮರದ ಪಟ್ಟಿಯೊಳಗೆ ಗೆದ್ದಲು. ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು. ಅಷ್ಟರಲ್ಲಿ ರೇಟೂ ಹೇಳಿಯಾಗಿತ್ತು, ಬಟ್ಟೆಯೂ ಕತ್ತರಿಸಿಯಾಗಿತ್ತು. ಒಂದು ಪಟ್ಟಿ ಬದಲಿಸಿ ಕೊಟ್ಟುಬಿಟ್ಟೆವು. ನಾಲ್ಕೇ ತಿಂಗಳಿಗೆ ಕುಸಿಯಿತು. ತಪ್ಪು ನಮ್ಮದು, ಹಣ ವಾಪಸು ಕೊಟ್ಟೆವು. ಅವರು ಬೈದದ್ದಕ್ಕೆ ಎದುರು ಮಾತಾಡಲಿಲ್ಲ.

ಆದರೆ ವಾರಕ್ಕೆ ನಾಲ್ಕು ಸಲ ಕೇಳುವ ಇನ್ನೊಂದು ಮಾತಿಗೆ ಉತ್ತರ ಕೊಡಲೇಬೇಕು: "ಆನ್‌ಲೈನಿನಲ್ಲಿ 20 ಸಾವಿರಕ್ಕೆ ಹೊಸದೇ ಮನೆಗೆ ಬರುತ್ತದೆ, ನೀವು ಹಳೆಯದಕ್ಕೆ 18 ಸಾವಿರವಾ?"

ಹೌದು. ಲೆಕ್ಕ ನೋಡಿ. ಮೂರು ಸೀಟಿಗೆ 54 ಇಂಚು ಅಗಲದ ಬಟ್ಟೆ 11 ಮೀಟರ್ ಬೇಕು, ಮೀಟರಿಗೆ 450ರಂತೆ 4,950. ಸೀಟಿಗೆ 40 ಡೆನ್ಸಿಟಿಯ, ಅಂದರೆ ಒತ್ತಾದ ಫೋಮ್, ಬೆನ್ನಿಗೆ ಮೆತ್ತನೆಯ ಫೋಮ್ ಸೇರಿ 3,500. ಸೀಟಿನಡಿ ಬಿಗಿಯುವ ಬೆಲ್ಟು, ಲೈನಿಂಗ್, ದಾರ, ಪಿನ್ನು 1,200. ಇಬ್ಬರು ಕಾರೀಗರರಿಗೆ ಎರಡೂವರೆ ದಿನ, 5,000. ಟೆಂಪೋ ಹೋಗಿ ಬರಲು, ಲಿಫ್ಟಿಗೆ ಹಿಡಿಸದೆ ಮೆಟ್ಟಿಲಲ್ಲಿ ಹೊರುವವರಿಗೆ 1,800. ಒಟ್ಟು 16,450. ಉಳಿದ 1,550ರಲ್ಲಿ ಅಂಗಡಿ ಬಾಡಿಗೆ, ಕರೆಂಟು, ಆಮೇಲೆ ನಾವು. ಫೋಮ್ ಪೆಟ್ರೋಲಿಯಂನಿಂದ ಆಗುವ ಮಾಲು, ಕಚ್ಚಾ ತೈಲ ಏರಿದಾಗ ಅದೂ ಏರುತ್ತದೆ; ನಮ್ಮನ್ನು ಕೇಳಿ ಏರುವುದಿಲ್ಲ. ಬೈಗುಳ ಮಾತ್ರ ನಮಗೆ.

ಇನ್ನು ಆ 20 ಸಾವಿರದ ಸೋಫಾಗಳು. ನಮ್ಮಲ್ಲಿ ರಿಪೇರಿಗೆ ಬಂದವುಗಳನ್ನು ಬಿಚ್ಚಿ ನೋಡಿದ್ದೇವೆ. ಎಷ್ಟೋ ಸಲ ಒಳಗಿರುವುದು ಪಾರ್ಟಿಕಲ್ ಬೋರ್ಡು, ಅಂದರೆ ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ. ನಮ್ಮ ಕಡೆಯ ಮಳೆಯ ತೇವಕ್ಕೆ ಅದು ನೆನೆಸಿದ ಬಿಸ್ಕತ್ತಿನಂತೆ ಉಬ್ಬುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಅಂಥದ್ದಕ್ಕೆ ಬಟ್ಟೆ ಹಾಕುವುದು ನಿಮ್ಮ ದುಡ್ಡು ದಂಡ, ಇನ್ನು ಮುಂದೆ ಆ ಕೆಲಸ ಹಿಡಿಯುವುದೇ ಇಲ್ಲ. ರೆಕ್ಸಿನ್ ಸಿಪ್ಪೆ ಸಿಪ್ಪೆಯಾಗಿ ಏಳುವುದೂ ಹೆಚ್ಚಾಗಿ ತೇವದಿಂದಲೇ. ಬಣ್ಣ ಬಳಿದರೆ ನಿಲ್ಲುವುದಿಲ್ಲ, ಬಟ್ಟೆಯೇ ಬದಲಾಗಬೇಕು.

ನಮ್ಮನ್ನು ಕರೆಯುವ ಮುಂಚೆ ನೀವೇ ಒಂದು ಪರೀಕ್ಷೆ ಮಾಡಿ. ಸೋಫಾದ ಮುಂದಿನ ಒಂದು ಮೂಲೆಯನ್ನು ಅರ್ಧ ಅಡಿ ಎತ್ತಿ. ಮುಂದಿನ ಇನ್ನೊಂದು ಕಾಲೂ ಜೊತೆಗೆ ಎದ್ದರೆ ಫ್ರೇಮ್ ಗಟ್ಟಿ. ಅದು ನೆಲದಲ್ಲೇ ಉಳಿದು ಸೋಫಾ ಕಿರ್ರೆಂದು ತಿರುಚಿಕೊಂಡರೆ 300 ರೂಪಾಯಿಯೂ ಬೇಡ, ಹೊಸದು ನೋಡಿ. ಅಜ್ಜನ ಕಾಲದ ಸಾಗುವಾನಿ ಸೋಫಾ ಇದ್ದವರು ಮಾತ್ರ, ದಯವಿಟ್ಟು, ಸೀಟು ತಗ್ಗಾಯಿತೆಂದು ಗುಜರಿಯವನಿಗೆ ಕೊಡಬೇಡಿ. ಸೀಟು ತಗ್ಗುವುದು ಫೋಮ್ ಸತ್ತದ್ದಕ್ಕೆ, ಬೆಲ್ಟು ಸಡಿಲಾದದ್ದಕ್ಕೆ. ಮರಕ್ಕೆ ಏನೂ ಆಗಿರುವುದಿಲ್ಲ. ಅಂಥ ಮರ ಇವತ್ತು 20 ಸಾವಿರಕ್ಕೆ ಯಾರು ಕೊಡುತ್ತಾರೆ ಮಾರಾಯ್ರೆ?

ಮೊದಲೇ ಅಡ್ವಾನ್ಸ್ ಕೊಟ್ಟವರಿಗೆ ಆಗ ಹೇಳಿದ ರೇಟೇ, ಚಿಂತೆ ಬೇಡ. ಗಣಪತಿಗೆ ಮುಂಚೆ ಸೋಫಾ ಮನೆ ಸೇರಬೇಕಾದವರು ಒಂದು ತಿಂಗಳು ಮೊದಲೇ ಹೇಳಿ. ಕೊನೆಯ ವಾರ ಫೋನ್ ಮಾಡಿದರೆ ಕಾರೀಗರರನ್ನು ಎಲ್ಲಿಂದ ತರಲಿ? ನೋಡಲು ನಾನೇ ಬರುತ್ತೇನೆ, ಹುಡುಗರನ್ನು ಕಳಿಸುವುದಿಲ್ಲ. ಸೀಟಿನ ಸಂದಿಯಲ್ಲಿ ಸಿಗುವ ಚಿಲ್ಲರೆ, ಕಿವಿಯೋಲೆ, ರಿಮೋಟು ಎಲ್ಲ ಎಂದಿನಂತೆ ಪೊಟ್ಟಣ ಕಟ್ಟಿ ಬಿಲ್ಲಿನ ಜೊತೆಗೇ ಬರುತ್ತದೆ.

ಇಂತಿ,
ನಿಮ್ಮ ಸೋಫಾ ಅಂಗಡಿಯವ
ಡೊಂಬಿವಲಿ ಪೂರ್ವ