ಫೋನಿನ ಈ ತುದಿಯಲ್ಲೂ ಒಬ್ಬರು ಬೇಕು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ. ಕೊರೊನಾ ಕಾಲದಲ್ಲಿ ಬಿರುಸು ಪಡೆದು, ಈಗ ಹಳ್ಳಿಯ ಉಪಕೇಂದ್ರದವರೆಗೂ ಬಂದಿರುವ ಟೆಲಿಮೆಡಿಸಿನ್, ಅಂದರೆ ದೂರದ ಡಾಕ್ಟರನ್ನು ಫೋನಿನಲ್ಲೇ ಕಾಣುವ ವ್ಯವಸ್ಥೆಯ ಬಗ್ಗೆ ಈ ಪತ್ರ. ಅದು ನಿಲ್ಲಬಾರದು, ಇನ್ನೂ ಬೆಳೆಯಬೇಕು ಅನ್ನುವವಳು ನಾನು. ಆದರೆ ಬೆಳೆಸುತ್ತಿರುವ ರೀತಿಯಲ್ಲಿ ಒಂದು ದೊಡ್ಡ ಕೊರತೆ ಇದೆ. ಆ ತುದಿಯಲ್ಲಿ ಡಾಕ್ಟರನ್ನು ಕೂರಿಸಲು ಸರ್ಕಾರ ಎಷ್ಟು ತಲೆ ಕೆಡಿಸಿಕೊಂಡಿತೋ, ಈ ತುದಿಯಲ್ಲಿ ರೋಗಿಯ ಪಕ್ಕ ಯಾರಿರಬೇಕು ಅನ್ನುವುದಕ್ಕೆ ಅಷ್ಟು ಕೆಡಿಸಿಕೊಂಡಿಲ್ಲ.

ಆಗಿರುವ ಒಳ್ಳೆಯದನ್ನು ಮೊದಲು ಹೇಳುತ್ತೇನೆ. 2020ರ ಮಾರ್ಚ್ 25ಕ್ಕೆ ದೇಶ ಬಾಗಿಲು ಹಾಕಿತು. ಅದೇ ದಿನ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಬಂತು. ಅಲ್ಲಿಯವರೆಗೆ ಫೋನಿನಲ್ಲಿ ಔಷಧಿ ಹೇಳಿದರೆ ಕಾನೂನು ಏನನ್ನುತ್ತದೋ ಅನ್ನುವ ಅಳುಕು ಡಾಕ್ಟರುಗಳಿಗಿತ್ತು. ವಿಡಿಯೋ, ಬರೀ ಮಾತು, ಮೆಸೇಜ್ ಮೂರಕ್ಕೂ ಒಪ್ಪಿಗೆ ಸಿಕ್ಕಿತು. ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣುವ, ಕೇಂದ್ರ ಸರ್ಕಾರದ ಇ-ಸಂಜೀವಿನಿ ಓಪಿಡಿ ಶುರುವಾಯಿತು. ನಮ್ಮ ರಾಜ್ಯ 14410 ನಂಬರಿನ ಆಪ್ತಮಿತ್ರ ಸಹಾಯವಾಣಿ ತೆರೆಯಿತು. 2023ರ ಫೆಬ್ರುವರಿ ಹೊತ್ತಿಗೆ ಇ-ಸಂಜೀವಿನಿಯಲ್ಲಿ 10 ಕೋಟಿ ಸಮಾಲೋಚನೆ ಮುಗಿದಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಈ ಮಾತು ನನಗೆ ತುಂಬ ಮುಖ್ಯ ಅನಿಸುತ್ತದೆ. ಗಂಡನಿಗೆ ಬಿಡುವಾದಾಗ, ಕೊಯ್ಲು ಮುಗಿದ ಮೇಲೆ, ಮಕ್ಕಳ ಪರೀಕ್ಷೆ ಕಳೆದ ಮೇಲೆ ಆಸ್ಪತ್ರೆಗೆ ಹೋದರಾಯಿತು ಅಂತ ಮುಂದೂಡುತ್ತಾ ಬಂದ ಹೆಂಗಸರು ಅವರು.

ನಮ್ಮ ಜಿಲ್ಲೆಯವರಿಗೆ ದೂರ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಹೃದಯ, ಮೆದುಳು, ಕಿಡ್ನಿ ಅಂದರೆ ನಾವು ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ ಓಡಬೇಕು. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರ್. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಹತ್ತಿರ ಮಗುಚಿ ನಾಲ್ವರು ತೀರಿಕೊಂಡರು. ಆಮೇಲೆ ಜಿಲ್ಲೆಯ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಬೀದಿಗಿಳಿದಿದ್ದು ನಿಮಗೂ ಗೊತ್ತಿದೆ. ಇಂಥ ಜಿಲ್ಲೆಯಲ್ಲಿ, ರಿಪೋರ್ಟ್ ತೋರಿಸಿ "ಇದೇ ಮಾತ್ರೆ ಮುಂದುವರಿಸಿ" ಅನ್ನಿಸಿಕೊಂಡು ಬರುವುದಕ್ಕೇ ಒಂದಿಡೀ ದಿನ ಹೋಗುತ್ತಿತ್ತು. ಜೊತೆಗೊಬ್ಬರ ಕೂಲಿ, ಗಾಡಿ ಬಾಡಿಗೆ, ಹೊರಗಿನ ಊಟ ಬೇರೆ. ಆ ಒಂದು ದಿನವನ್ನು ಫೋನ್ ನಮಗೆ ವಾಪಸ್ ಕೊಟ್ಟಿತು.

ಈಗ ನನ್ನ ಅಮ್ಮನ ವಿಷಯ. ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಒಂದು ಮಳೆಗಾಲದಲ್ಲಿ ಕಾಲಿನ ಹೆಬ್ಬೆರಳ ಪಕ್ಕ ಸಣ್ಣ ಗಾಯವಾಯಿತು. ಹೊರಗೆ ಹೋಗುವ ಹಾಗಿರಲಿಲ್ಲ. ಒಂದು ಖಾಸಗಿ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಡಾಕ್ಟರರನ್ನು ಹಿಡಿದೆವು. ವಿಡಿಯೋ ಮಸುಕಾಗಿತ್ತು. "ನೋವಿದೆಯಾ?" ಅಂತ ಕೇಳಿದರು. ಅಮ್ಮ ಇಲ್ಲ ಅಂದರು. ಹಚ್ಚಲು ಒಂದು ಮುಲಾಮು ಬರೆದರು. ನಾಲ್ಕೈದು ನಿಮಿಷದಲ್ಲಿ ಮುಗಿಯಿತು. ಮೂರನೇ ದಿನ ಬೇರೇನೋ ಕೆಲಸಕ್ಕೆ ಬಂದ ಆಶಾ ಕಾರ್ಯಕರ್ತೆ ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿದರು. ಬೆರಳಿಂದ ಒತ್ತಿದರು, ವಾಸನೆ ನೋಡಿದರು, ಸುತ್ತ ಕಪ್ಪಾಗಿರುವುದನ್ನು ತೋರಿಸಿದರು. "ಅಕ್ಕಾ, ಇವತ್ತೇ ಹೋಗಿ" ಅಂದರು. ಹೋದೆವು. ಕಾಲು ಉಳಿಯಿತು.

ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರ ಸೋಲುತ್ತದೆ. ಗಾಯವಾದರೂ ನೋವು ತಿಳಿಯುವುದಿಲ್ಲ. ಅಂದರೆ ಅಮ್ಮ ಇಲ್ಲ ಅಂದ ಆ ಉತ್ತರವೇ ಅಪಾಯದ ಸೂಚನೆಯಾಗಿತ್ತು. ಆ ಡಾಕ್ಟರರನ್ನು ದೂರಿ ಪ್ರಯೋಜನವಿಲ್ಲ. ಪರದೆಯಲ್ಲಿ ಕಂಡಿದ್ದು ಅವರಿಗೆ ಅಷ್ಟೇ. ಆ ಹೊತ್ತಿಗೆ ಅಮ್ಮನ ಪಕ್ಕ ಪಾದ ಮುಟ್ಟಿ ನೋಡಬಲ್ಲ, ನೋಡಿದ್ದನ್ನು ಡಾಕ್ಟರರ ಭಾಷೆಯಲ್ಲಿ ಹೇಳಬಲ್ಲ ಒಬ್ಬರು ಇದ್ದಿದ್ದರೆ ಮೂರು ದಿನ ಸುಮ್ನೆ ಹೋಗುತ್ತಿರಲಿಲ್ಲ.

ಇದು ಹೊಸ ತಿಳಿವಳಿಕೆಯೇನಲ್ಲ ಸಚಿವರೇ. ನಮ್ಮ ರಾಜ್ಯವೇ ಇದನ್ನು ಬಹಳ ಹಿಂದೆ ಮಾಡಿ ತೋರಿಸಿದೆ. ಎರಡು ದಶಕಕ್ಕೂ ಹಿಂದೆ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಕೊಂಡಿದ್ದವು. ಸ್ಮಾರ್ಟ್‌ಫೋನ್ ಅನ್ನುವ ಮಾತೇ ಹಳ್ಳಿಗೆ ಬಾರದ ಕಾಲ ಅದು. 2008ರಲ್ಲಿ ನಾರಾಯಣ ನೇತ್ರಾಲಯ ಕಿಡ್ರಾಪ್ ಶುರು ಮಾಡಿತು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಕಣ್ಣಿನ ಪರದೆ ಹಾಳಾಗಿ ದೃಷ್ಟಿ ಹೋಗುವ ಅಪಾಯ ಇರುತ್ತದೆ. ಕೆಲವೇ ವಾರಗಳಲ್ಲಿ ಕಂಡುಹಿಡಿದರೆ ಉಳಿಸಬಹುದು. ಅದಕ್ಕೆ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗುತ್ತಾರೆ. ಕೂಸಿನ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ. ದೂರದಲ್ಲಿರುವ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಇಲ್ಲಿ ಕ್ಯಾಮೆರಾಕ್ಕಿಂತ ದೊಡ್ಡದು ಆ ತಂತ್ರಜ್ಞರ ಕೈ, ಅಲ್ವಾ?

ನಿಮ್ಮ ಇಲಾಖೆಯದೇ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇನ್ನೂ ಒಳ್ಳೆಯ ಉದಾಹರಣೆ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇಸಿಜಿ ಮಾಡುತ್ತಾರೆ. ಅದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಹೃದಯಾಘಾತ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ, ಅದೂ ಉಚಿತವಾಗಿ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಹೃದಯಾಘಾತದಲ್ಲಿ ಮೊದಲ ಗಂಟೆ ಕಳೆದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಈ ಯೋಜನೆ ಯಾಕೆ ಕೆಲಸ ಮಾಡುತ್ತದೆ ಅಂತ ನೋಡಿ. ಇಸಿಜಿ ತಂತಿಯನ್ನು ಸರಿಯಾದ ಜಾಗಕ್ಕೆ ಅಂಟಿಸಲು ಒಬ್ಬ ನರ್ಸ್ ಇದ್ದಾರೆ. ಬೀರುವಿನಲ್ಲಿ ಇಂಜೆಕ್ಷನ್ ಇದೆ. ಅದನ್ನು ಕೊಡಲು, ಕೊಟ್ಟ ಮೇಲೆ ನೋಡಿಕೊಳ್ಳಲು ಡ್ಯೂಟಿ ಡಾಕ್ಟರ್ ಇದ್ದಾರೆ. ದೂರದ ತಜ್ಞರ ಮಾತು ಕೈಗೆ ಇಳಿಯುವುದು ಇವರೆಲ್ಲ ಇರುವುದರಿಂದ.

ಈಗ ಉಪಕೇಂದ್ರಕ್ಕೆ ಬನ್ನಿ. ಇ-ಸಂಜೀವಿನಿ ಕರೆ ಮಾಡಿಸುವವರು ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ, ನಾವೆಲ್ಲ ಸಿಎಚ್‌ಓ ಅನ್ನುವವರು. ಹೆಚ್ಚಿನವರು ನರ್ಸಿಂಗ್ ಓದಿ ಬಂದವರು. ಕೆಲಸ ಗುತ್ತಿಗೆಯದು. ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆ ಅವರೇ ಮಾಡಬೇಕು. ಅದನ್ನೆಲ್ಲ ಒಂದಲ್ಲ ಒಂದು ಪೋರ್ಟಲ್‌ಗೆ ತುಂಬಿಸಬೇಕು. ನಡುವೆ ಕರೆ ಮಾಡಿಸಬೇಕು. ನಮ್ಮ ಕಡೆಯವರನ್ನು ಮಾತಾಡಿಸಿದರೆ ಒಂದೇ ಅಳಲು: ಮೇಲಿನವರು ಇವತ್ತು ಎಷ್ಟು ಕರೆ ಆಯಿತು ಅಂತ ಕೇಳುತ್ತಾರೆ, ಯಾರಿಗೆ ವಾಸಿಯಾಯಿತು ಅಂತ ಕೇಳುವುದಿಲ್ಲ. ಡಾಕ್ಟರ್ ಬರೆದ ಮಾತ್ರೆ ಉಪಕೇಂದ್ರದಲ್ಲಿ ಇಲ್ಲದಿದ್ದರೆ ರೋಗಿ ಚೀಟಿ ಹಿಡಿದು ಪೇಟೆಗೆ ಹೋಗಬೇಕು. ಬಸ್ಸಿನ ಖರ್ಚು ಅಲ್ಲಿಗೇ ಬಂತು. ಆದರೂ ಲೆಕ್ಕದಲ್ಲಿ ಆ ಕರೆ ಯಶಸ್ವಿ.

ಆದ್ದರಿಂದ ಕರೆಗಳ ಲೆಕ್ಕ ಬದಲಾಗಲಿ. ಕರೆಯಾದ ಎರಡು ವಾರಕ್ಕೆ ಆ ರೋಗಿ ಹೇಗಿದ್ದಾರೆ, ಔಷಧಿ ಸಿಕ್ಕಿತಾ, ದೊಡ್ಡ ಆಸ್ಪತ್ರೆಗೆ ಹೋಗಿ ಅಂದವರು ನಿಜವಾಗಿ ಹೋಗಿ ಮುಟ್ಟಿದರಾ ಅನ್ನುವುದನ್ನು ಬರೆದಿಡಿ. ಅದನ್ನು ತಾಲ್ಲೂಕುವಾರು ಜನರ ಮುಂದಿಡಿ. ಸಿಎಚ್‌ಓಗಳಿಗೆ ಕೆಲಸದ ಭದ್ರತೆ ಕೊಡಿ. ಪೋರ್ಟಲ್ ತುಂಬಿಸುವ ಹೊರೆ ಇಳಿಸಿ. ಸಕ್ಕರೆ ಕಾಯಿಲೆಯವರ ಪಾದದ ಸ್ಪರ್ಶ ನೋಡುವ ಒಂದು ನೈಲಾನ್ ಎಳೆಗೆ ಎಷ್ಟು ಖರ್ಚಾದೀತು? ಅದು ಪ್ರತಿ ಉಪಕೇಂದ್ರದಲ್ಲಿ ಇರಲಿ, ಬಳಸಲು ತರಬೇತಿಯೂ ಇರಲಿ. ನಿಮ್ಮ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಹೇಗೂ ಮನೆಗೆ ಬರುತ್ತಾರೆ. ನಡೆಯಲಾಗದ ಮುದುಕರ ಮನೆಯಿಂದ ಅವರೇ ಡಾಕ್ಟರಿಗೆ ಕರೆ ಹಚ್ಚುವ ಹಾಗಾದರೆ ಎಷ್ಟು ಚೆಂದ.

ಆಶಾ ಕಾರ್ಯಕರ್ತೆಯರ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಮನೆಮನೆಯ ಹೆಂಗಸರು ಮೊದಲು ಬಾಯಿಬಿಡುವುದು ಅವರ ಮುಂದೆ. ಮನೆಯಲ್ಲಿ ಇರುವ ಒಂದು ಫೋನ್ ಗಂಡನ ಜೇಬಿನಲ್ಲಿರುತ್ತದೆ. ಬಿಳುಪು ಹೋಗುವ ಸಮಸ್ಯೆಯನ್ನು, ಮುಟ್ಟಿನ ತೊಂದರೆಯನ್ನು ಆ ಫೋನಿನಲ್ಲಿ ಗಂಡನ ಎದುರು ಯಾರು ಹೇಳಿಕೊಳ್ಳುತ್ತಾರೆ? ಜೋಯಿಡಾದ ಕಾಡಿನ ಕೊಂಕಣಿ ಮಾತಿನ ಕುಣಬಿ ಅಜ್ಜಿಗೆ ಡಾಕ್ಟರ ಪ್ರಶ್ನೆ ಅರ್ಥವಾಗುವಂತೆ ಕೇಳುವವರೂ ಇವರೇ. 2025ರ ಜನವರಿಯ ಚಳಿಯಲ್ಲಿ ಇದೇ ಹೆಂಗಸರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಅವರಿಗೆ ಕೊಟ್ಟ ಮಾತನ್ನು ಪೂರ್ತಿಯಾಗಿ ಉಳಿಸಿಕೊಳ್ಳಿ. ಅವರಿಗೆ ಕೊಡುವ ದುಡ್ಡು ಟೆಲಿಮೆಡಿಸಿನ್‌ಗೆ ಹಾಕುವ ದುಡ್ಡೇ.

ಮಾನಸಿಕ ಆರೋಗ್ಯದ ಮಾತು ಸ್ವಲ್ಪ ಬೇರೆ. ಅಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಿರುವುದೇ ಎಷ್ಟೋ ಸಲ ಅನುಕೂಲ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ಗೆ ನಮ್ಮ ನಿಮ್ಹಾನ್ಸೇ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರು ನಮ್ಮ ಊರಿನ ಸೊಸೈಟಿಯ ಗೋಡೆಯ ಮೇಲೆ, ಶಾಲೆಯ ಬೋರ್ಡಿನ ಮೇಲೆ, ಬಸ್ಸಿನ ಹಿಂದೆ ಇರಬೇಕಿತ್ತು. ನಾನು ಎಲ್ಲೂ ಕಂಡಿಲ್ಲ. ಕರೆ ಮಾಡಿದವರಿಗೆ ಔಷಧಿ ಬೇಕಾದಾಗ ಮಾತ್ರ ಮತ್ತೆ ಈ ತುದಿಯ ಪ್ರಶ್ನೆ ಬರುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಇವೆರಡೂ ಒಂದನ್ನೊಂದು ಕೈಹಿಡಿಯಲಿ.

ನೆಟ್‌ವರ್ಕ್ ನಿಮ್ಮ ಖಾತೆಯಲ್ಲ ಅಂತ ಗೊತ್ತು. ಆದರೂ ಕೇಳುತ್ತೇನೆ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ದಿನಗಟ್ಟಲೆ ಬರುವುದಿಲ್ಲ. ಟವರಿನ ಬ್ಯಾಟರಿ ಕೆಲವು ಗಂಟೆ ಇರುತ್ತದೆ, ಆಮೇಲೆ ಅದೂ ಸತ್ತು ಹೋಗುತ್ತದೆ. ಹಳ್ಳ ತುಂಬಿ ದಾರಿ ಮುಚ್ಚಿರುವುದೂ ಆಗಲೇ, ಡಾಕ್ಟರ್ ಫೋನಿನಲ್ಲಿ ಬೇಕಾಗಿರುವುದೂ ಆಗಲೇ. ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುತ್ತೇವೆ ಅಂತ ಕೇಂದ್ರ ಸಂಪುಟ 2022ರ ಜುಲೈನಲ್ಲಿ ತೀರ್ಮಾನಿಸಿತು. ನಮ್ಮ ಜಿಲ್ಲೆಯ ಪಾಲು ಎಲ್ಲಿಗೆ ಬಂತು ಅಂತ ನೀವು ಸಚಿವರಾಗಿ ಕೇಳಿದರೆ ತೂಕ ಬೇರೆ. ಗ್ರಾಮ ಪಂಚಾಯಿತಿಗೆ ಬಂದಿರುವ ಫೈಬರ್ ಕೇಬಲ್ಲನ್ನು ಉಪಕೇಂದ್ರದವರೆಗೆ ಎಳೆಯುವುದು, ಅಲ್ಲೊಂದು ಸೋಲಾರ್ ಕೂರಿಸುವುದು ರಾಜ್ಯದ ಕೈಯಲ್ಲೇ ಇದೆ.

ಫೋನಿನಿಂದ ಆಗದ್ದು ಏನು ಅನ್ನುವುದೂ ಬರಹದಲ್ಲಿ ಸ್ಪಷ್ಟವಾಗಿರಲಿ. ನಮ್ಮಲ್ಲಿ ಬೇಸಿಗೆ ಬಂತೆಂದರೆ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಹೆದರಿಕೆ. 2024ರಲ್ಲಿ ನಮ್ಮ ತಾಲ್ಲೂಕು ಅದರಿಂದ ಬಹಳ ನೊಂದಿತು. ಶುರುವಿನಲ್ಲಿ ಅದು ಮಾಮೂಲಿ ಜ್ವರದ ಹಾಗೇ ಇರುತ್ತದೆ: ಮೈಕೈ ನೋವು, ತಲೆನೋವು, ಸುಸ್ತು. ಬಯಲುಸೀಮೆಯಲ್ಲಿ ಕೂತ ಡಾಕ್ಟರ್ ಫೋನಿನಲ್ಲಿ ಪ್ಯಾರಾಸಿಟಮಾಲ್ ಹೇಳಿದರೆ ತಪ್ಪು ಅನ್ನಲಾಗದು. ಆದರೆ ಆ ಮನುಷ್ಯ ದರಕು, ಅಂದರೆ ಒಣ ಎಲೆ ತರಲು ಕಾಡಿಗೆ ಹೋಗಿದ್ದನಾ, ಹತ್ತಿರ ಮಂಗ ಸತ್ತಿತ್ತಾ ಅಂತ ಕೇಳಬೇಕು. ರಕ್ತ ತೆಗೆದು ಲ್ಯಾಬಿಗೆ ಕಳಿಸಬೇಕು. ಈ ಊರುಗಳಿಂದ ಬರುವ ಜ್ವರದ ಕರೆಗೆ ಪರದೆಯ ಮೇಲೆ ಆ ಎರಡು ಪ್ರಶ್ನೆ ತಾನಾಗಿ ಬರುವಂತೆ ಮಾಡುವುದು ದೊಡ್ಡ ಕೆಲಸವಲ್ಲ.

ಖಾಸಗಿ ಆ್ಯಪ್‌ಗಳ ಬಗ್ಗೆ ಒಂದೇ ಮಾತು. ಡಾಕ್ಟರ್ ಯಾರು, ಅವರ ನೋಂದಣಿ ನಂಬರು ಏನು, ನಮ್ಮ ರಿಪೋರ್ಟ್ ಎಲ್ಲಿ ಉಳಿಯುತ್ತದೆ ಅನ್ನುವುದನ್ನು ಕನ್ನಡದಲ್ಲಿ, ಕರೆ ಶುರುವಾಗುವ ಮುಂಚೆ ತೋರಿಸುವಂತೆ ಮಾಡಿ. ಔಷಧಿ ಚೀಟಿಯಲ್ಲಿ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಅನ್ನುವುದಾದರೂ ಕನ್ನಡದಲ್ಲಿರಲಿ. ಸರ್ಕಾರಿ ಚೀಟಿಯಿಂದಲೇ ಅದು ಶುರುವಾಗಲಿ.

ಕೊನೆಯದಾಗಿ ನನ್ನ ದೊಡ್ಡ ಆತಂಕ. ತಜ್ಞರ ಹುದ್ದೆ ಖಾಲಿ ಇದೆಯಲ್ಲ ಅಂತ ಕೇಳಿದರೆ "ಟೆಲಿಮೆಡಿಸಿನ್ ಇದೆಯಲ್ಲ" ಅನ್ನುವ ಉತ್ತರ ಬರುವ ದಿನ ದೂರವಿಲ್ಲ ಅನಿಸುತ್ತಿದೆ. ಹೆರಿಗೆ ಕಷ್ಟವಾದಾಗ, ಹಾವು ಕಚ್ಚಿದಾಗ, ಅಡಿಕೆ ಮರದಿಂದ ಬಿದ್ದಾಗ ಫೋನ್ ಏನೂ ಮಾಡಲಾರದು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಹಾಗೇ ಇದೆ. ಅದಕ್ಕೆ ಟೆಲಿಮೆಡಿಸಿನ್ ಬದಲಿ ಅಂತ ಯಾವ ಕಡತದಲ್ಲೂ ಬರೆಯಬೇಡಿ.

ಮುಂದಿನ ಮಳೆಗಾಲಕ್ಕೆ ಮುಂಚೆ ಸಿದ್ದಾಪುರ ಅಥವಾ ಜೋಯಿಡಾದ ಯಾವುದಾದರೂ ಒಂದು ಉಪಕೇಂದ್ರಕ್ಕೆ ಹೇಳದೆ ಬನ್ನಿ. ಸಿಎಚ್‌ಓ ಪಕ್ಕದಲ್ಲಿ ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ಕರೆಗಳನ್ನು ನೋಡಿ. ಯಾವ ಮಾತ್ರೆ ಇತ್ತು, ಯಾವುದು ಇರಲಿಲ್ಲ ಅಂತ ನೀವೇ ಬರೆದುಕೊಳ್ಳಿ. ಆಮೇಲೆ ಈ ಪತ್ರಕ್ಕೆ ಉತ್ತರ ಬರೆಯಿರಿ. ಕಾಯುತ್ತಿರುತ್ತೇವೆ.

ಇಂತಿ,
ಸಿದ್ದಾಪುರ ತಾಲ್ಲೂಕಿನ ಒಬ್ಬ ನಾಗರಿಕಳು